ಅಲಾವೋತ್ರ ಸರೋವರ ಕೊನೆಗೂ ಸಿಕ್ಕಿತು: ಮಡಗಾಸ್ಕರ್ ಮಾದರಿ, ಮೂರನೇ ಸಲ

ಮೂರು ವಾರದಿಂದ ಕಾಣೆಯಾಗಿದ್ದ ಸರೋವರ ನಿನ್ನೆ ರಾತ್ರಿ ಹನ್ನೊಂದರ ಸುಮಾರಿಗೆ ಸಿಕ್ಕಿತು. ಮಡಗಾಸ್ಕರ್‌ನಲ್ಲಿ ಅದಕ್ಕಿಂತ ದೊಡ್ಡ ಸರೋವರ ಇಲ್ಲ. ಉದ್ದವೇ ಸುಮಾರು 40 ಕಿಲೋಮೀಟರ್. ಅಂಥದ್ದು ನನ್ನ ರಟ್ಟಿನ ಮಾದರಿಯಿಂದ ಹೇಗೆ ಮಾಯವಾಯಿತು ಅಂತ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಎತ್ತರದ ಮಾದರಿ ಮಾಡುವ ಯಾರಿಗಾದರೂ ಇದೇ ಗುಂಡಿ ಕಾದಿರುತ್ತದೆ.

ಅಳತೆ 1:20,00,000. ಸುಮಾರು 1,580 ಕಿಲೋಮೀಟರ್ ಉದ್ದದ ದ್ವೀಪ ಮೇಜಿನ ಮೇಲೆ 79 ಸೆಂಟಿಮೀಟರ್ ಬರುತ್ತದೆ. ಎತ್ತರವನ್ನು 20 ಪಟ್ಟು ಹಿಗ್ಗಿಸಿದ್ದೇನೆ. ಹಾಗಾಗಿ ಒಂದು ಮಿಲಿಮೀಟರ್ ರಟ್ಟು ಅಂದರೆ 100 ಮೀಟರ್; ಅಂಥ ರಟ್ಟನ್ನು ಪದರ ಪದರವಾಗಿ ಒಂದರ ಮೇಲೊಂದು ಅಂಟಿಸುತ್ತಾ ಹೋಗುವುದು. ಹಿಗ್ಗಿಸದೆ ಬಿಟ್ಟರೆ 2,876 ಮೀಟರಿನ ಮರೊಮೊಕೊಟ್ರೊ ಶಿಖರ ಒಂದೂವರೆ ಮಿಲಿಮೀಟರನ್ನೂ ಮುಟ್ಟುವುದಿಲ್ಲ. 20 ಪಟ್ಟು ಜಾಸ್ತಿಯಾಯಿತು ಅನ್ನುವವರಿಗೆ ನನ್ನ ಉತ್ತರ ಒಂದೇ: ಈ ದ್ವೀಪವನ್ನು ಅರ್ಥ ಮಾಡಿಕೊಳ್ಳಬೇಕಾದರೆ ಅದರ ಪೂರ್ವದ ಘಟ್ಟ ಬೆರಳಿಗೆ ತಾಗಬೇಕು. ಸಮುದ್ರದಿಂದ ಬರುವ ತೇವದ ಗಾಳಿ ಅಲ್ಲಿ ಏರಿ ಮಳೆ ಸುರಿಸುತ್ತದೆ. ಘಟ್ಟ ದಾಟಿದ ಮೇಲೆ ನೆಲ ಪಶ್ಚಿಮಕ್ಕೆ ನಿಧಾನವಾಗಿ ಇಳಿಯುತ್ತದೆ, ಒಣಗುತ್ತಾ ಹೋಗುತ್ತದೆ. ಇಂದ್ರಿ ಎಂಬ ಲೆಮೂರ್ (ಕೋತಿಗಳ ದೂರದ ಬಂಧು) ಹಾಡುವ ಕಾಡು ಯಾಕೆ ಪೂರ್ವದಲ್ಲಿದೆ, ಮೊರೊಂಡಾವಾದ ಬಾವೊಬಾಬ್ ಮರಗಳು ಯಾಕೆ ಪಶ್ಚಿಮದಲ್ಲಿವೆ ಅನ್ನುವುದಕ್ಕೆ ಕಾರಣ ಆ ಅಂಚೇ.

ಕರಾವಳಿ ಗೆರೆ, ಬುಡದ ಪ್ಲೈವುಡ್, ಮೊದಲ ಆರು ಪದರ ಇವೆಲ್ಲ ಎಂದಿನಂತೆ ಆದವು. ಅದನ್ನು ಬಿಡೋಣ. ತಕರಾರು ಶುರುವಾಗಿದ್ದು ಎಂಟನೇ ಪದರದಲ್ಲಿ.

ಎತ್ತರದ ಡೇಟಾ 2000ದ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯಿಂದ ರಡಾರ್ ಮೂಲಕ ಅಳೆದದ್ದು, ಎಲ್ಲರೂ ಬಳಸುವ ಎಸ್‌ಆರ್‌ಟಿಎಂ. ಅದನ್ನು 500 ಮೀಟರ್ ಚೌಕಕ್ಕೆ ಸರಾಸರಿ ಮಾಡಿಕೊಂಡೆ. ಅದಕ್ಕಿಂತ ಸೂಕ್ಷ್ಮವಾದದ್ದನ್ನು ಬ್ಲೇಡಿನಲ್ಲಿ ಕತ್ತರಿಸಲು ಆಗುವುದಿಲ್ಲ. ಆಮೇಲೆ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಫಿಲ್ ಸಿಂಕ್ಸ್ ಓಡಿಸಿದೆ. ಡೇಟಾದಲ್ಲಿರುವ ಸುಳ್ಳು ಗುಂಡಿಗಳನ್ನು ತುಂಬಲು ಎಲ್ಲರೂ ಮಾಡುವ ಕೆಲಸ ಅದು. ಕಾಂಟೂರ್ ಗೆರೆಗಳು, ಅಂದರೆ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳು, ಎಷ್ಟು ಚೆನ್ನಾಗಿ ಬಂದವೆಂದರೆ ಎರಡನೇ ಸಲ ನೋಡಲೇ ಇಲ್ಲ. ಪ್ರಿಂಟ್ ತೆಗೆದು ಕತ್ತರಿಸಿ ಅಂಟಿಸಿಬಿಟ್ಟೆ.

ನದಿಗಳನ್ನು ಬರೆಯುವಾಗ ಗೊತ್ತಾಯಿತು. ಮನಿಂಗೊರಿ ನದಿ ಅಲಾವೋತ್ರದಿಂದ ಹೊರಟು ಪೂರ್ವದ ಸಮುದ್ರ ಸೇರಬೇಕು. ನನ್ನ ಮಾದರಿಯಲ್ಲಿ ಅದು ಚಪ್ಪಟೆ ಗುಡ್ಡದ ನೆತ್ತಿಯಿಂದ ಹುಟ್ಟುತ್ತಿತ್ತು. ಸರೋವರ ಇರಬೇಕಾದ ಕಡೆ ಬೆರಳಾಡಿಸಿದೆ. ತಗ್ಗು ಇಲ್ಲ, ನೀರಿಲ್ಲ, ಬರೀ ಮಟ್ಟಸವಾದ ರಟ್ಟು.

ಕಾರಣ ಹಿಡಿಯಲು ನಾಲ್ಕು ಸಂಜೆ ಬೇಕಾಯಿತು. ಅಲಾವೋತ್ರ ಕೂತಿರುವುದು ಭೂಮಿ ಸೀಳಿ ಕುಸಿದ ಉದ್ದನೆಯ ತಗ್ಗಿನಲ್ಲಿ. ಎರಡೂ ಬದಿಗೆ ಗುಡ್ಡ, ನೆಲದ ಮಟ್ಟ ಸುಮಾರು 750 ಮೀಟರ್. ಆ ತಗ್ಗಿನಿಂದ ನೀರು ಹೊರಗೆ ಹೋಗುವ ಬಾಗಿಲು ಮನಿಂಗೊರಿಯ ಕಿರಿದಾದ ಕಣಿವೆ. 500 ಮೀಟರ್ ಚೌಕಕ್ಕೆ ಸರಾಸರಿ ಮಾಡಿದಾಗ ಕಣಿವೆಯ ತಳಕ್ಕೆ ಎರಡೂ ಬದಿಯ ಗುಡ್ಡದ ಎತ್ತರ ಬೆರೆತು ಬಾಗಿಲು ಮುಚ್ಚಿಹೋಯಿತು. ಬಾಗಿಲಿಲ್ಲದ ತಗ್ಗು ಫಿಲ್ ಸಿಂಕ್ಸ್ ಪಾಲಿಗೆ ಸುಳ್ಳು ಗುಂಡಿ. ಅದು ಅಂಚಿನವರೆಗೂ ತುಂಬಿಸಿ ಸಪಾಟು ಮಾಡಿಬಿಟ್ಟಿತು. ಊರು, ಗದ್ದೆ, ಸರೋವರ ಎಲ್ಲ ಒಳಗೇ ಹೂತುಹೋದವು.

ಪರಿಹಾರ ಹಳೆಯದೇ. ಮನಿಂಗೊರಿಯ ಗೆರೆಯನ್ನು ಉಪಗ್ರಹ ಚಿತ್ರದ ಮೇಲೆ ಕೈಯಿಂದ ಎಳೆದು, ಆ ಗೆರೆ ಹಾದುಹೋಗುವ ಚೌಕಗಳ ಎತ್ತರವನ್ನು ಮೊದಲೇ ಇಳಿಸಬೇಕು. ತುಂಬಿಸುವ ಕೆಲಸ ಆಮೇಲೆ. ಈ ಕ್ರಮ ತಪ್ಪಲೇಬಾರದು. ಮತ್ತೆ ಓಡಿಸಿದೆ. 800 ಮೀಟರ್ ಗೆರೆ ಉದ್ದನೆಯ ಬಟ್ಟಲಿನ ಹಾಗೆ ತೆರೆದುಕೊಂಡಿತು. ಕುರ್ಚಿಯಿಂದ ಎದ್ದು ನಿಂತು ನೋಡಿದೆ.

ಹೊಸ ಪದರಗಳಿಗೆ ರಟ್ಟು ತರಿಸಿದ್ದು ಇನ್ನೊಂದು ಕಥೆ. ಒಂದು ಮಿಲಿಮೀಟರ್ ಅಂತ ಸ್ಪಷ್ಟವಾಗಿ ಬರೆದು ಕೇಳಿದ್ದೆ. ಬಂದಿದ್ದನ್ನು ವರ್ನಿಯರ್‌ನಲ್ಲಿ ಅಳೆದರೆ 1.2. ಫೋನ್ ಮಾಡಿದರೆ "ಎರಡೂ ಒಂದೇ ಅಲ್ವಾ ಸಾರ್" ಎಂಬ ಉತ್ತರ. ಒಂದೇ ಅಲ್ಲ! 29 ಪದರಕ್ಕೆ 5.8 ಮಿಲಿಮೀಟರ್ ಜಾಸ್ತಿಯಾಗುತ್ತದೆ, ಅಂದರೆ 580 ಮೀಟರ್. ಮರೊಮೊಕೊಟ್ರೊ ಸುಮ್ನೆ ಕೂತಲ್ಲೇ 3,400 ದಾಟುತ್ತದೆ. ಎರಡು ಸಲ ವಾಪಸ್ ಕಳಿಸಿದೆ. ದಯವಿಟ್ಟು ಎಲ್ಲರೂ ರಟ್ಟು ಕೈಗೆ ಬಂದ ತಕ್ಷಣ ಅಳೆಯಿರಿ, ಕಟ್ಟು ಬಿಚ್ಚಿದ ಮೇಲೆ ಯಾರೂ ವಾಪಸ್ ತೆಗೆದುಕೊಳ್ಳುವುದಿಲ್ಲ.

ಬಟ್ಟಲು ಬಂದ ಖುಷಿಯಲ್ಲಿ ಅದರ ತಳಕ್ಕೆಲ್ಲ ನೀಲಿ ಬಳಿದೆ. ಒಂದು ದಿನ ಕಣ್ಣಿಗೆ ಹಬ್ಬ. ಮರುದಿನ ಉಪಗ್ರಹ ಚಿತ್ರದ ಪಕ್ಕ ಇಟ್ಟು ನೋಡಿದಾಗ ಮನಸ್ಸಿಗೆ ಕಸಿವಿಸಿಯಾಯಿತು. ನಾನು ನೀಲಿ ಬಳಿದದ್ದರಲ್ಲಿ ಹೆಚ್ಚಿನ ಪಾಲು ನೀರೇ ಅಲ್ಲ, ಗದ್ದೆ. ಮಡಗಾಸ್ಕರ್‌ನ ಅನ್ನದ ಬಟ್ಟಲು ಅಂತಲೇ ಹೆಸರಾದ ಜಾಗ ಇದು. ಸರೋವರದ ಸುತ್ತ ಒಂದು ಲಕ್ಷ ಹೆಕ್ಟೇರಿಗೂ ಮೀರಿ ಭತ್ತದ ಗದ್ದೆಗಳಿವೆ. ಇಲ್ಲಿನವರು ಸಿಹಾನಕ ಜನ. ಭತ್ತ ಮತ್ತು ಮೀನು ಅವರ ಬದುಕು. ಅವರ ಊರುಗಳ ಮೇಲೆ ನಾನು ನೀರು ಹರಿಸಿಬಿಟ್ಟಿದ್ದೆ.

ಇಲ್ಲಿ ರಟ್ಟು ಸಹಾಯಕ್ಕೆ ಬರುವುದಿಲ್ಲ. ಸರೋವರದ ಆಳವೇ ಕೆಲವು ಮೀಟರ್. ನೀರು, ಜೊಂಡು, ಗದ್ದೆ ಮೂರೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. 100 ಮೀಟರಿನ ಪದರದಲ್ಲಿ ಅವುಗಳ ವ್ಯತ್ಯಾಸ ಕಾಗದದಷ್ಟೂ ದಪ್ಪ ಇಲ್ಲ. ಹೆಚ್ಚು ತಿಳಿದುಕೊಳ್ಳಬೇಕಾದ ಜೀವಗಳು ಇರುವುದು ಆ ದಪ್ಪವಿಲ್ಲದ ಜಾಗದಲ್ಲೇ. ಬಂದ್ರೋ ಅಂತ ಅಲ್ಲಿನವರು ಕರೆಯುವ ಲೆಮೂರ್ ಈ ಸರೋವರದ ಪಪೈರಸ್ ಮತ್ತು ಜೊಂಡಿನಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ಮರ ಬೇಡ ಅದಕ್ಕೆ, ಜೊಂಡಿನ ಕಡ್ಡಿ ಹಿಡಿದೇ ಓಡಾಡುತ್ತದೆ. ತೂಕ ಒಂದು ಕಿಲೋಗಿಂತ ತುಸು ಜಾಸ್ತಿ. ಗದ್ದೆಗಾಗಿ, ಮೀನು ಹಿಡಿಯಲು ದಾರಿಗಾಗಿ ಜೊಂಡು ಸುಟ್ಟಾಗೆಲ್ಲ ಅದರ ಮನೆ ಕುಗ್ಗುತ್ತದೆ. ಅಲಾವೋತ್ರದ ಪುಟ್ಟ ಗುಳುಮುಳುಕ ಹಕ್ಕಿ ಅಳಿದುಹೋಗಿದೆ ಅಂತ 2010ರಲ್ಲಿ ಸಾರಿದರು. ಮಡಗಾಸ್ಕರ್ ಪೋಚಾರ್ಡ್ ಬಾತು ಇಲ್ಲಿ ಕೊನೆಗೆ ಕಂಡಿದ್ದು 1991ರಲ್ಲಿ. ಅದೂ ಹೋಯಿತು ಅಂದುಕೊಂಡಿದ್ದಾಗ 2006ರಲ್ಲಿ ದೂರದ ಉತ್ತರದ ಸಣ್ಣ ಸರೋವರವೊಂದರಲ್ಲಿ ಕೆಲವು ಸಿಕ್ಕವು. ಅದನ್ನು ಓದಿದ ದಿನ ನನಗೆ ಕೆಲಸವೇ ಓಡಲಿಲ್ಲ.

ಹಾಗಾಗಿ ನೀಲಿಯನ್ನೆಲ್ಲ ಕೆರೆದು ತೆಗೆದೆ. ತಳಕ್ಕೆ ಮೊದಲು ಭತ್ತದ ಎಳೆ ಹಸಿರು. ನಡುವೆ ಎರಡು ಸೆಂಟಿಮೀಟರ್ ಉದ್ದದ ನೀಲಿ, ಅದೂ ಮಣ್ಣು ಕಲಸಿದ ನೀಲಿ. ಸುತ್ತಲಿನ ಬೋಳು ಗುಡ್ಡಗಳು ಲವಾಕ ಎಂಬ ದೊಡ್ಡ ಕೊರಕಲುಗಳಾಗಿ ಕುಸಿದು, ಕೆಂಪು ಮಣ್ಣು ಸರೋವರಕ್ಕೆ ಇಳಿಯುತ್ತಲೇ ಇರುತ್ತದೆ. ಕೊನೆಗೆ ಜೊಂಡು. ಇಪ್ಪತ್ತು ಸಾವಿರ ಹೆಕ್ಟೇರಿನ ಆಸುಪಾಸು ಅಂತ ಹಿಡಿದರೂ ಈ ಅಳತೆಯಲ್ಲಿ ಕಿರುಬೆರಳ ಉಗುರಿಗಿಂತ ದೊಡ್ಡದಾಗುವುದಿಲ್ಲ. ಬ್ರಷ್ ಬಿಟ್ಟು ಸೂಜಿ ತೆಗೆದುಕೊಂಡೆ. ಸೂಜಿ ತುದಿಯನ್ನು ಕಡು ಹಸಿರಲ್ಲಿ ಅದ್ದಿ, ನೀಲಿಯ ಅಂಚಿಗೆ ಒಂದೊಂದೇ ಚುಕ್ಕಿ ಇಟ್ಟೆ. ಬಣ್ಣ ಜಾಸ್ತಿಯಾದರೆ ಚುಕ್ಕಿ ಹರಡಿ ಗದ್ದೆಗೆ ಹೋಗುತ್ತದೆ, ಕಡಿಮೆಯಾದರೆ ಕಾಣುವುದೇ ಇಲ್ಲ. ಪ್ರತಿ ಚುಕ್ಕಿಗೂ ಸೂಜಿ ಒರೆಸಬೇಕು. ಎರಡು ಗಂಟೆ ಹಿಡಿಯಿತು.

ಈ ಕೆಲಸದ ನಡುವೆಯೇ ಮುಂದಿನದು ತಲೆಗೆ ಹೊಕ್ಕಿದೆ. ಮಡಗಾಸ್ಕರ್ ಮತ್ತು ಭಾರತ ಒಂದೇ ನೆಲವಾಗಿದ್ದವು, ಸುಮಾರು 8.8 ಕೋಟಿ ವರ್ಷ ಹಿಂದೆ ಬೇರೆಯಾದವು. ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಲ್ಲಿನ ಕಂಬಗಳು ಆ ಬಿರುಕಿನ ಕಾಲದವೇ. ಮಡಗಾಸ್ಕರ್‌ನ ಪೂರ್ವದ ಅಂಚು, ನಮ್ಮ ಪಶ್ಚಿಮದ ಅಂಚು ಎರಡನ್ನೂ ಇದೇ ಅಳತೆಯಲ್ಲಿ ಮಾಡಿ, ನಡುವೆ ಹಳಿ ಇಟ್ಟು, ಕೈಯಿಂದ ತಳ್ಳಿದರೆ ಒಂದಕ್ಕೊಂದು ಕೂಡುವ ಹಾಗೆ ಮಾಡಬೇಕು. ಹಳಿಗೆ ಡ್ರಾಯರ್ ಚಾನೆಲ್ ಸಾಕಾಗಬಹುದು. ಯಾರಾದರೂ ಅದರ ಮೇಲೆ ಮೂರು ಕಿಲೋ ಭಾರ ಹಾಕಿ ನೋಡಿದ್ದರೆ ದಯವಿಟ್ಟು ತಿಳಿಸಿ.

ಸದ್ಯಕ್ಕೆ 1,000 ಮೀಟರಿನಿಂದ ಮೇಲಿನ ಪದರಗಳು ಬಾಕಿ. ಬಿಳಿ ಅಂಟಿನ ತೇವಕ್ಕೆ ರಟ್ಟು ಸೊಟ್ಟಗಾಗದಂತೆ ಒಂಬತ್ತು ಮತ್ತು ಹತ್ತನೇ ಪದರ ದಪ್ಪ ಪುಸ್ತಕಗಳ ಕೆಳಗೆ ಒಣಗುತ್ತಿವೆ. ಭಾನುವಾರ ಪುಸ್ತಕ ತೆಗೆದ ಕೂಡಲೇ ಮೊದಲು ನೋಡುವುದು ಮನಿಂಗೊರಿಯ ಕಣಿವೆಯನ್ನು. ಅಂಟು ಇಳಿದು ಬಾಗಿಲು ಮತ್ತೆ ಮುಚ್ಚಿಕೊಂಡಿರಬಾರದು.