ದಿನಕ್ಕೊಂದು ಮಿಲಿಮೀಟರ್

“ಹೆಬ್ಬೆರಳು ಮೇಲೆತ್ತಿ, ನೋಡೋಣ.”

ಎಕ್ಸ್‌ರೇ ತೆಗೆಯುವ ಮುಂಚೆಯೇ ಡಾಕ್ಟರು ಕೇಳಿದ್ದು ಇಷ್ಟು. ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿ, ಬಲತೋಳು ಅಡಿಗೆ ಸಿಕ್ಕಿ ಬಿದ್ದಿದ್ದೆ. ಭುಜಕ್ಕೂ ಮೊಣಕೈಗೂ ನಡುವೆ, ಕೀಲೇ ಇಲ್ಲದ ಕಡೆ ತೋಳು ಬಾಗಿಕೊಂಡಿತ್ತು. ನೋವಿಗೆ ಉಸಿರು ಕಟ್ಟುತ್ತಿರುವಾಗ ಇವರು ಹೆಬ್ಬೆರಳಿನ ವಿಷಯ ಯಾಕೆ ಎತ್ತುತ್ತಿದ್ದಾರೆ ಎಂದು ಸಿಟ್ಟು ಬಂತು. ಆದರೂ ಎತ್ತಲು ನೋಡಿದೆ. ಹೆಬ್ಬೆರಳು ಅಲ್ಲಾಡಲಿಲ್ಲ. ಕೈಯನ್ನು ಮಣಿಕಟ್ಟಿನಿಂದ ಮೇಲಕ್ಕೆ ತನ್ನಿ ಎಂದರು. ಅದು ಬಾಡಿದ ಎಲೆಯ ಹಾಗೆ ಜೋತುಬಿದ್ದೇ ಇತ್ತು. ಅಲ್ಲಿ ನೋವೂ ಇರಲಿಲ್ಲ. ಅಂಗೈಯ ಹಿಂಬದಿ, ಹೆಬ್ಬೆರಳು ತೋರುಬೆರಳುಗಳ ನಡುವಿನ ಚರ್ಮವನ್ನು ಅವರು ಮುಟ್ಟಿದಾಗ ದಪ್ಪ ಬಟ್ಟೆಯ ಮೇಲಿಂದ ಯಾರೋ ಮುಟ್ಟಿದಂತಾಯಿತು.

“ಮೂಳೆ ಕೂಡುತ್ತೆ, ಅದರ ಬಗ್ಗೆ ಚಿಂತೆ ಬೇಡ. ನರಕ್ಕೂ ಪೆಟ್ಟು ಬಿದ್ದಿದೆ. ಅದಕ್ಕೆ ನಾವು ಕಾಯಬೇಕು” ಎಂದರು.

ಮೇಲ್ತೋಳಿನಲ್ಲಿ ಇರುವುದು ಒಂದೇ ಮೂಳೆ, ಹ್ಯೂಮರಸ್. ಅದರ ಬೆನ್ನಿಗೆ ಆತುಕೊಂಡು, ಬಳ್ಳಿಯಂತೆ ಓರೆಯಾಗಿ ಸುತ್ತಿ ಇಳಿಯುವ ನರವೊಂದಿದೆ. ಅದರ ಹೆಸರು ರೇಡಿಯಲ್ ನರ. ಕುತ್ತಿಗೆಯ ಬೆನ್ನುಹುರಿಯಿಂದ ಹೊರಟ ಎಳೆಗಳು ಕೂಡಿ ಆದ ನರ ಅದು. ಮೂಳೆಗೆ ಇಷ್ಟು ಹತ್ತಿರ ಇರುವುದರಿಂದಲೇ ಮೂಳೆ ಮುರಿದಾಗ ಅದು ಎಳೆತಕ್ಕೆ ಸಿಕ್ಕಬಹುದು, ಜಜ್ಜಿಹೋಗಬಹುದು. ಮೊಣಕೈ ಚಾಚುವ ಟ್ರೈಸೆಪ್ಸ್ ಸ್ನಾಯುವಿಗೂ ಇದೇ ನರ ಕವಲು ಕೊಡುತ್ತದೆ. ಆದರೆ ಆ ಕವಲುಗಳಲ್ಲಿ ಹೆಚ್ಚಿನವು ಮುರಿದ ಜಾಗಕ್ಕಿಂತ ಮೇಲೆಯೇ ಹೊರಟುಬಿಟ್ಟಿರುತ್ತವೆ. ಹಾಗಾಗಿ ನೋವು ತಗ್ಗಿದ ಮೇಲೆ ನನಗೆ ಮೊಣಕೈ ಚಾಚಲು ಬರುತ್ತಿತ್ತು, ಮಣಿಕಟ್ಟು ಎತ್ತಲು ಬರುತ್ತಿರಲಿಲ್ಲ. ಕಾಲುವೆ ನಡುವೆ ಒಡೆದರೆ ಮೇಲಿನ ಹೊಲ ಹಸಿರಾಗಿರುತ್ತದೆ, ಕೆಳಗಿನದು ಒಣಗುತ್ತದೆ.

ತೋಳಿಗೆ ಪಟ್ಟಿ ಹಾಕಿ ಮನೆಗೆ ಕಳಿಸಿದರು. ಮುರಿದ ಮೂಳೆಯ ಕಥೆ ಇಲ್ಲಿ ಹೆಚ್ಚು ಹೇಳುವುದಿಲ್ಲ, ಅದು ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡಿಕೊಂಡಿತು. ಆರನೇ ವಾರದ ಎಕ್ಸ್‌ರೇಯಲ್ಲಿ ಮುರಿದ ತುದಿಗಳ ಸುತ್ತ ಮಬ್ಬು ಮೋಡದಂತೆ ಹೊಸ ಮೂಳೆ ಕಟ್ಟಿಕೊಂಡಿತ್ತು. ಮೊದಲು ಹೆಪ್ಪುಗಟ್ಟಿದ ರಕ್ತ, ಆಮೇಲೆ ಮೆತ್ತನೆಯ ಮೃದ್ವಸ್ಥಿ, ಆಮೇಲೆ ಗಟ್ಟಿ ಮೂಳೆ. ಚರ್ಮ ಗಾಯವಾದರೆ ಕಲೆ ಉಳಿಯುತ್ತದೆ. ಮೂಳೆ ಮಾತ್ರ ಮತ್ತೆ ಮೂಳೆಯೇ ಆಗಿ ಬೆಳೆಯುತ್ತದೆ.

ನನ್ನನ್ನು ಕಂಗೆಡಿಸಿದ್ದು ಒಂದು ಲೋಟ ನೀರು.

ಎರಡನೇ ವಾರ ಇರಬೇಕು. ಮೇಜಿನ ಮೇಲಿದ್ದ ಲೋಟಕ್ಕೆ ಬಲಗೈ ಚಾಚಿದೆ. ಬೆರಳು ಮಡಿಸುವ ಸ್ನಾಯುಗಳನ್ನು ನಡೆಸುವುದು ಬೇರೆ ಎರಡು ನರಗಳು, ಮೀಡಿಯನ್ ಮತ್ತು ಅಲ್ನಾರ್. ಅವೆರಡಕ್ಕೂ ಏನೂ ಆಗಿಲ್ಲ ಎಂದು ಡಾಕ್ಟರು ಪರೀಕ್ಷಿಸಿ ಹೇಳಿದ್ದರು. ಅಂದಮೇಲೆ ಹಿಡಿಯಲಿಕ್ಕೇನು ಅಡ್ಡಿ ಎಂದುಕೊಂಡಿದ್ದೆ. ಬೆರಳುಗಳು ಲೋಟವನ್ನು ಸುತ್ತಿದವು, ಆದರೆ ಹಿಡಿತದಲ್ಲಿ ಬಲವೇ ಇಲ್ಲ. ಲೋಟ ಜಾರಿ ಬಿತ್ತು. ಕೆಟ್ಟಿರುವುದು ಒಂದು ನರವಲ್ಲ, ಡಾಕ್ಟರಿಗೆ ತಿಳಿಯದ ಇನ್ನೇನೋ ಇದೆ ಎಂಬ ಭಯ ಹೊಕ್ಕಿತು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಫಿಸಿಯೋಥೆರಪಿಸ್ಟ್ ಬಳಿ ಹೇಳಿಕೊಂಡೆ. ಆಕೆ ಗಾಬರಿಯಾಗಲಿಲ್ಲ. ತನ್ನ ಕೈಯಿಂದ ನನ್ನ ಜೋತುಬಿದ್ದ ಮಣಿಕಟ್ಟನ್ನು ಮೇಲೆತ್ತಿ ಹಿಡಿದು, “ಈಗ ನನ್ನ ಬೆರಳು ಗಟ್ಟಿಯಾಗಿ ಹಿಡೀರಿ” ಎಂದಳು. ಹಿಡಿದೆ. ಹಳೆಯ ಬಲದ ಎಷ್ಟೋ ಪಾಲು ಅಲ್ಲೇ ಇತ್ತು! ಆಕೆ ಮಣಿಕಟ್ಟನ್ನು ಬಿಟ್ಟಳು, ಕೈ ಕೆಳಗೆ ಬಿತ್ತು, ಹಿಡಿತವೂ ಹೋಯಿತು.

ಇದನ್ನು ಓದುತ್ತಿರುವವರು ಒಮ್ಮೆ ಮಾಡಿ ನೋಡಿ. ಮಣಿಕಟ್ಟನ್ನು ಒಳಗಡೆಗೆ ಪೂರ್ತಿ ಬಗ್ಗಿಸಿ, ಹಾಗೇ ಇಟ್ಟುಕೊಂಡು ಮುಷ್ಟಿ ಬಿಗಿಯಲು ನೋಡಿ. ಆಗುವುದಿಲ್ಲ. ಬೆರಳುಗಳ ಒಳಗೆ ಅವನ್ನು ಮಡಿಸುವ ಸ್ನಾಯು ಇಲ್ಲ. ಅಂಥ ದೊಡ್ಡ ಸ್ನಾಯುಗಳೆಲ್ಲ ಮುಂದೋಳಿನಲ್ಲಿ ಕೂತು, ಮಣಿಕಟ್ಟನ್ನು ದಾಟಿ ಹೋಗುವ ಉದ್ದನೆಯ ಸ್ನಾಯುರಜ್ಜುಗಳಿಂದ ಬೆರಳನ್ನು ಎಳೆಯುತ್ತವೆ. ಸ್ನಾಯುವಿಗೆ ಎಳೆಯಲು ಮಾತ್ರ ಗೊತ್ತು, ತಳ್ಳಲು ಗೊತ್ತಿಲ್ಲ. ಮಣಿಕಟ್ಟು ಒಳಗೆ ಬಗ್ಗಿದಾಗ ಆ ಹಗ್ಗಗಳು ಸಡಿಲವಾಗುತ್ತವೆ, ಸ್ನಾಯುವಿನ ಒಳಗಿನ ಎಳೆಗಳು ಮೊದಲೇ ಒಂದರೊಳಗೊಂದು ತೀರ ಸರಿದುಬಿಟ್ಟಿರುತ್ತವೆ. ಮತ್ತಷ್ಟು ಎಳೆಯಲು ಜಾಗ ಉಳಿದಿರುವುದಿಲ್ಲ. ನಾವು ಏನನ್ನಾದರೂ ಬಿಗಿಯಾಗಿ ಹಿಡಿಯುವಾಗಲೆಲ್ಲ ಮುಂದೋಳಿನ ಹಿಂಬದಿಯ ಸ್ನಾಯುಗಳು ಮಣಿಕಟ್ಟನ್ನು ಎತ್ತಿಹಿಡಿದು ಅವಕ್ಕೆ ಆ ಜಾಗ ಮಾಡಿಕೊಡುತ್ತವೆ. ನನ್ನಲ್ಲಿ ಮಲಗಿದ್ದವು ಆ ಹಿಂಬದಿಯವು. ಇಷ್ಟು ವರ್ಷ ಪ್ರತಿಯೊಂದು ಹಿಡಿತದಲ್ಲೂ ಅವುಗಳ ಪಾಲಿತ್ತು, ನನಗೆ ಅವು ಇರುವುದೇ ತಿಳಿದಿರಲಿಲ್ಲ.

ಮಣಿಕಟ್ಟು ಮೇಲೆ ನಿಲ್ಲುವಂತೆ ಕೈಗೆ ಕಟ್ಟಿಕೊಳ್ಳುವ ಗಟ್ಟಿ ಆಸರೆ, ಸ್ಪ್ಲಿಂಟ್ ಕೊಟ್ಟರು. ಅಂದೇ ಲೋಟ ಹಿಡಿದೆ.

ನಾಲ್ಕನೇ ವಾರ ಸ್ನಾಯುವಿನ ವಿದ್ಯುತ್ ಪರೀಕ್ಷೆ ನಡೆಯಿತು. ಸೂಜಿಯಂಥ ಎಲೆಕ್ಟ್ರೋಡನ್ನು ಮುಂದೋಳಿಗೆ ಚುಚ್ಚಿ ಸದ್ದನ್ನು ಸ್ಪೀಕರಿನಲ್ಲಿ ಕೇಳಿಸುತ್ತಾರೆ. ಆರೋಗ್ಯವಂತ ಸ್ನಾಯು ವಿಶ್ರಾಂತಿಯಲ್ಲಿದ್ದಾಗ ಮೌನವಾಗಿರುತ್ತದೆ. ನನ್ನದು ತಗಡಿನ ಮೇಲೆ ಸಣ್ಣ ಮಳೆ ಬಿದ್ದಂತೆ ಟಪಟಪ ಎನ್ನುತ್ತಿತ್ತು. ನರದ ಸಂಪರ್ಕ ಕಳೆದುಕೊಂಡ ಸ್ನಾಯುವಿನ ಎಳೆಗಳು ಯಾರ ಅಪ್ಪಣೆಯೂ ಇಲ್ಲದೆ ತಾವೇ ಮಿಡಿಯುತ್ತವಂತೆ. ಕಣ್ಣಿಗೆ ಏನೂ ಕಾಣಿಸದ ಆ ಮಿಡಿತವನ್ನು ಕಿವಿಯಲ್ಲಿ ಕೇಳಿ ಕಣ್ಣು ತುಂಬಿ ಬಂತು.

ನರ ಪೂರ್ತಿ ತುಂಡಾಗಿರದೆ ಒಳಗಿನ ತಂತುಗಳು ಮಾತ್ರ ಕಡಿದಿರಬಹುದು, ಹೊರಗಿನ ಕೊಳವೆ ಉಳಿದಿರಬಹುದು ಎಂದು ಡಾಕ್ಟರು ವಿವರಿಸಿದರು. ಅಂಥ ತಂತುವಿನಲ್ಲಿ ಪೆಟ್ಟಿನಿಂದಾಚೆಗಿನ ಭಾಗ ಸತ್ತುಹೋಗುತ್ತದೆ. ಶರೀರವಿಜ್ಞಾನಿ ಆಗಸ್ಟಸ್ ವಾಲರ್ 1850ರಲ್ಲಿ ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ ಗಮನಿಸಿದ್ದು ಇದನ್ನೇ. ಆದರೆ ತಂತುವಿನ ತಾಯಿಜೀವಕೋಶ ಕುತ್ತಿಗೆಯ ಬೆನ್ನುಹುರಿಯಲ್ಲಿ ಬದುಕಿರುತ್ತದೆ. ಮೊದಲು ತಂತುವನ್ನು ಸುತ್ತಿಕೊಂಡಿದ್ದು, ಈಗ ಖಾಲಿ ಕೊಳವೆಯಲ್ಲಿ ಉಳಿದ ಶ್ವಾನ್ ಕೋಶಗಳು ದಾರಿ ತೋರಿಸುತ್ತವೆ, ತಂತು ಮತ್ತೆ ಚಿಗುರಿ ಆ ದಾರಿ ಹಿಡಿಯುತ್ತದೆ. ಮಿದುಳು, ಬೆನ್ನುಹುರಿಗಳ ಒಳಗೆ ಕಡಿದ ತಂತು ಹೀಗೆ ಬೆಳೆಯುವುದಿಲ್ಲ. ಪೆಟ್ಟು ತೋಳಿನಲ್ಲಿ ಬಿದ್ದದ್ದು ನನ್ನ ಪುಣ್ಯ.

“ಎಷ್ಟು ವೇಗವಾಗಿ ಬೆಳೆಯುತ್ತೆ ಡಾಕ್ಟ್ರೇ?”

“ದಿನಕ್ಕೆ ಸುಮಾರು 1 ಮಿಲಿಮೀಟರ್.”

ಸರಿಯಿದ್ದ ದಿನಗಳಲ್ಲಿ ಇದೇ ನರದಲ್ಲಿ ಸಂಕೇತ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ಓಡುತ್ತಿತ್ತು. ಈಗ ತಿಂಗಳಿಗೆ ಮೂರು ಸೆಂಟಿಮೀಟರ್. ಮುರಿದ ಜಾಗದಿಂದ ಮೊದಲ ಸ್ನಾಯುವಿನವರೆಗೆ ಫಿಸಿಯೋಥೆರಪಿಸ್ಟ್ ಟೇಪು ಹಿಡಿದು ಅಳೆದಳು, ಹತ್ತೂವರೆ ಸೆಂಟಿಮೀಟರ್. ಇನ್ನೊಂದು ಲೆಕ್ಕವೂ ಇತ್ತು. ನರವಿಲ್ಲದ ಸ್ನಾಯು ಕರಗುತ್ತ ಹೋಗುತ್ತದೆ, ಒಂದರಿಂದ ಒಂದೂವರೆ ವರ್ಷದೊಳಗೆ ನರ ತಲುಪದಿದ್ದರೆ ಆಮೇಲೆ ತಲುಪಿಯೂ ಹೆಚ್ಚು ಉಪಯೋಗವಾಗುವುದಿಲ್ಲ. ಮುಂದೋಳಿನ ಹಿಂಬದಿ ನನ್ನ ಕಣ್ಣೆದುರೇ ಗುಳಿ ಬೀಳುತ್ತಿತ್ತು. ಕೀಲುಗಳು ಬಿಗಿಯದಿರಲಿ ಎಂದು ದಿನಕ್ಕೆ ಹಲವು ಸಲ ಎಡಗೈಯಿಂದ ಬಲಗೈಯ ಒಂದೊಂದೇ ಬೆರಳನ್ನು ಎತ್ತಿ ಇಳಿಸುತ್ತಿದ್ದೆ. ಒಂದು ಕೈಯಲ್ಲಿ 27 ಮೂಳೆಗಳಿವೆ. ಮುಟ್ಟಿ ಮುಟ್ಟಿ ಅವುಗಳ ಗುರುತು ಸಿಕ್ಕಿತು.

ಕೆಲವು ವಾರಗಳ ನಂತರ ತೋಳಿನ ಹೊರಬದಿಯಲ್ಲಿ ಬೆರಳಿನಿಂದ ತಟ್ಟಿದರೆ ಕೈಯ ಹಿಂಬದಿಗೆ ಜುಮ್ಮೆನ್ನುತ್ತಿತ್ತು. ಬೆಳೆಯುತ್ತಿರುವ ತಂತುವಿನ ತುದಿ ಅಲ್ಲಿದೆ ಎಂದರ್ಥ. ಜುಮ್ಮೆನ್ನುವ ಜಾಗಕ್ಕೆ ಮಗಳು ಪೆನ್ನಿನಿಂದ ಚುಕ್ಕೆ ಇಡುತ್ತಿದ್ದಳು. ಚುಕ್ಕೆಗಳು ಮೊಣಕೈ ಕಡೆಗೆ ಇಳಿಯುತ್ತ ಬಂದವು.

16ನೇ ವಾರ. ಹೆಬ್ಬೆರಳು ಮೇಲಿರುವಂತೆ ಕೈ ಇಟ್ಟುಕೊಂಡು ಮೊಣಕೈ ಮಡಿಸಬೇಕು, ಎದುರಿನವರು ಕೆಳಕ್ಕೆ ಒತ್ತಬೇಕು, ಅದು ನಿತ್ಯದ ಪರೀಕ್ಷೆ. ಬೈಸೆಪ್ಸ್ ಚೆನ್ನಾಗಿಯೇ ಇದ್ದುದರಿಂದ ಮೊಣಕೈ ಮಡಿಸುವುದು ಹೊಸತಲ್ಲ. ನೋಡಬೇಕಾದದ್ದು ಮುಂದೋಳಿನ ಹೆಬ್ಬೆರಳ ಬದಿಯ ಸ್ನಾಯು, ಬ್ರೇಕಿಯೋರೇಡಿಯಾಲಿಸ್. ರೇಡಿಯಲ್ ನರ ಮರಳಿ ಬಂದರೆ ಮೊದಲು ಏಳುವುದು ಸಾಮಾನ್ಯವಾಗಿ ಅದು. ಮಗಳು ಒಂದು ಕೈಯಲ್ಲಿ ಒತ್ತಿ, ಇನ್ನೊಂದನ್ನು ಆ ಗುಳಿಯ ಮೇಲಿಟ್ಟಿದ್ದಳು.

“ಅಮ್ಮಾ, ಇಲ್ಲೇನೋ ಮಿಸುಕಿತು.”

“ನೀನೇ ಅಲ್ಲಾಡಿಸಿರ್ತೀಯ.”

“ಇಲ್ಲಮ್ಮಾ. ಇನ್ನೊಂದ್ಸಲ ಮಾಡು.”

ಮಾಡಿದೆ. ಚರ್ಮದ ಕೆಳಗೆ ದಾರವೊಂದನ್ನು ಯಾರೋ ಒಳಗಿನಿಂದ ಜಗ್ಗಿದ ಹಾಗೆ ಸಣ್ಣ ಗೆರೆ ಎದ್ದು ಮಾಯವಾಯಿತು. ಇಬ್ಬರೂ ಮಾತಾಡಲಿಲ್ಲ. ಮತ್ತೆ ಮಾಡಿದೆ, ಮತ್ತೆ ಎದ್ದಿತು. ಐದನೇ ಸಲಕ್ಕೆ ಸ್ನಾಯು ದಣಿದು ನಿಂತುಹೋಯಿತು. ಅಷ್ಟಕ್ಕೇ ದಣಿಯುವಷ್ಟು ಹೊಸದು.

ಅದಾಗಿ ಎರಡು ತಿಂಗಳಿಗೆ ಮಣಿಕಟ್ಟು ತಾನಾಗಿ ಮೇಲೆದ್ದಿತು, ಆಮೇಲೆ ಬೆರಳುಗಳು ಒಂದಿಷ್ಟು ಚಾಚಿಕೊಂಡವು. ಹೆಬ್ಬೆರಳನ್ನು ಎತ್ತುವ ಸ್ನಾಯು ದಾರಿಯ ಕೊನೆಯಲ್ಲಿದೆ. ಡಾಕ್ಟರು ಪ್ರತಿ ಸಲವೂ ಮೊದಲು ಅದನ್ನೇ ಕೇಳುತ್ತಾರೆ. ಕಳೆದ ವಾರ ಕೇಳಿದಾಗ ಉಗುರಿನ ತುದಿ ಮೇಜಿನಿಂದ ಕಾಗದದ ದಪ್ಪದಷ್ಟು ಮೇಲೆ ಬಂತು.