ಸ್ಕ್ರೀನ್ ಮೇಲೆ ಬರೆಯುವ ಮೊದಲು ಒಂದು ಕಾಪಿ ತೆಗೆದಿಡಿ

ನಮ್ಮ ನ್ಯೂಸ್ ಚಾನೆಲ್‌ನಲ್ಲಿ ಡಿಜಿಟಲ್ ಡೆಸ್ಕ್ ಶುರುವಾದಾಗ ಎಲ್ಲರ ತಲೆಯಲ್ಲಿದ್ದ ಲೆಕ್ಕ ಒಂದೇ. ಟಿವಿಯಲ್ಲಿ ಹೋಗಿದ್ದನ್ನು ಕತ್ತರಿಸಿ ಯೂಟ್ಯೂಬ್‌ಗೆ ಹಾಕಿದರೆ ಆಯ್ತು. ಇಬ್ಬರು ಹುಡುಗರು, ಎರಡು ಕಂಪ್ಯೂಟರ್, ಒಂದು ಒಳ್ಳೆ ಇಂಟರ್ನೆಟ್ ಲೈನ್ ಸಾಕು. ನಾನು ಪಿಸಿಆರ್‌ನಿಂದ, ಅಂದರೆ ಬುಲೆಟಿನ್ ನಡೆಸುವ ಕಂಟ್ರೋಲ್ ರೂಮಿನಿಂದ, ಡಿಜಿಟಲ್ ಕಡೆಗೆ ಬಂದವನು. ಬಂದ ಮೇಲೆ ಗೊತ್ತಾಯ್ತು, ತೊಂದರೆ ಕತ್ತರಿಸುವುದರಲ್ಲಿ ಇಲ್ಲ. ನಮ್ಮ ಕೈಗೆ ಬರುವ ವಿಡಿಯೊದಲ್ಲೇ ಇದೆ.

ಯಾವುದೇ ಕನ್ನಡ ನ್ಯೂಸ್ ಚಾನೆಲ್‌ನ ಪರದೆ ನೋಡಿ. ಮೇಲೊಂದು ಮೂಲೆಯಲ್ಲಿ ಲೋಗೊ, ಇನ್ನೊಂದರಲ್ಲಿ ಗಂಟೆ. ಕೆಳಗೆ ಎರಡು ಸಾಲಿನ ಆಸ್ಟನ್, ಅಂದರೆ ಸುದ್ದಿಯ ತಲೆಬರಹದ ಪಟ್ಟಿ, ಅದರ ಕೆಳಗೆ ಓಡುವ ಸ್ಕ್ರೋಲ್. ಪಕ್ಕದಲ್ಲಿ ಕೆಂಪು ಪಟ್ಟಿಯಲ್ಲಿ ಬ್ರೇಕಿಂಗ್. ನಡುವೆ ಉಳಿದ ಜಾಗದಲ್ಲಿ ನಾಲ್ಕು ಕಿಟಕಿ, ಒಂದೊಂದರಲ್ಲಿ ಒಂದೊಂದು ಮುಖ. ಟಿವಿ ಮುಂದೆ ಕೂತವರಿಗೆ ಇದು ಅಭ್ಯಾಸ ಆಗಿಬಿಟ್ಟಿದೆ. ಆದರೆ ಇದನ್ನೇ ಮೂರು ದಿನ ಬಿಟ್ಟು ಯೂಟ್ಯೂಬ್‌ನಲ್ಲಿ ನೋಡಿದರೆ, ಹಳೇ ಸುದ್ದಿಯ ಪಕ್ಕ ‘ಬ್ರೇಕಿಂಗ್’ ಇನ್ನೂ ಮಿಣಮಿಣ ಅಂತಿರುತ್ತದೆ. ಸ್ಕ್ರೋಲ್‌ನಲ್ಲಿ ಯಾವತ್ತೋ ಮುಗಿದ ಮಳೆಯ ಎಚ್ಚರಿಕೆ ಓಡುತ್ತಿರುತ್ತದೆ.

ಇದು ಇನ್ನೂ ಪರವಾಗಿಲ್ಲ. ನಿಜವಾದ ಪಜೀತಿ ಶುರುವಾಗಿದ್ದು ರೀಲ್ಸ್, ಶಾರ್ಟ್ಸ್ ಬಂದ ಮೇಲೆ. ಹೆಚ್‌ಡಿ ಫ್ರೇಮ್ 1920 ಪಿಕ್ಸೆಲ್ ಅಗಲ, 1080 ಎತ್ತರ. ಅದರಿಂದ 9:16 ಅಳತೆಯ ನಿಂತ ಚೌಕಟ್ಟು ಕತ್ತರಿಸಿದರೆ ಸಿಗುವ ಅಗಲ ಸುಮಾರು 608 ಪಿಕ್ಸೆಲ್. ಮೂರರಲ್ಲಿ ಒಂದು ಪಾಲೂ ಇಲ್ಲ. ಒಂದು ಸಲ ಆಸ್ಟನ್‌ನಲ್ಲಿ ‘ಸಚಿವರು ರಾಜೀನಾಮೆ ಕೊಡಲ್ಲ’ ಅಂತ ಇತ್ತು. ಮಧ್ಯದ ಭಾಗ ಕತ್ತರಿಸಿದಾಗ ಪ್ರಿವ್ಯೂನಲ್ಲಿ ಉಳಿದ ಪದ ಒಂದೇ: ‘ರಾಜೀನಾಮೆ’. ಮೇಲೆ ಸಚಿವರ ಮುಖ. ಡೆಸ್ಕ್‌ನಲ್ಲಿ ಎಲ್ಲರೂ ನಕ್ಕೆವು. ಆದರೆ ಯಾರೂ ಗಮನಿಸದೆ ಅಪ್‌ಲೋಡ್ ಒತ್ತಿದ್ದರೆ ಏನಾಗುತ್ತಿತ್ತು ಅಂತ ಆಮೇಲೆ ಯೋಚಿಸಿ ಎಲ್ಲರೂ ಸುಮ್ಮನಾದೆವು.

ಕಲಸಿದ ಮೊಸರನ್ನದಿಂದ ಮೊಸರು ಬೇರೆ ಮಾಡೋಕೆ ಆಗಲ್ಲ. ಒಂದು ಸಲ ಚಿತ್ರದ ಮೇಲೆ ಅಕ್ಷರ ಕೂತರೆ ಅಷ್ಟೇ. ಹಾಗಾಗಿ ನಾವು ಕೇಳಿದ್ದು ಕ್ಲೀನ್ ಫೀಡ್, ಅಂದರೆ ಮೇಲೆ ಅಕ್ಷರ ಕೂರದ ವಿಡಿಯೊ. ಇದೇನೂ ಹೊಸ ಯಂತ್ರ ಅಲ್ಲ. ಪಿಸಿಆರ್‌ನ ಸ್ವಿಚರ್‌ನಲ್ಲಿ, ಅಂದರೆ ಯಾವ ದೃಶ್ಯ ಹೋಗಬೇಕು ಅಂತ ಆರಿಸುವ ಯಂತ್ರದಲ್ಲಿ, ಗ್ರಾಫಿಕ್ಸ್ ಸೇರುವುದು ಕಟ್ಟಕಡೆಯ ಹಂತದಲ್ಲಿ. ಅದಕ್ಕೆ ಮೊದಲಿನ ಸಿಗ್ನಲ್ ತೆಗೆದುಕೊಳ್ಳಲು ಯಂತ್ರದ ಹಿಂಬದಿಯಲ್ಲಿ ಒಂದು ಔಟ್‌ಪುಟ್ ಯಾವತ್ತೂ ಇತ್ತು. ಅದಕ್ಕೆ ಕೇಬಲ್ ಹಾಕಿರಲಿಲ್ಲ, ಅಷ್ಟೇ.

ಕೇಬಲ್ ಹಾಕುವುದು ಸುಲಭ. ಆದರೆ ಇಂಜಿನಿಯರಿಂಗ್ ವಿಭಾಗದವರು ಸ್ಟೋರೇಜ್ ಲೆಕ್ಕ ಮುಂದಿಟ್ಟರು. ನಾವು ರೆಕಾರ್ಡ್ ಮಾಡುವುದು ಸೆಕೆಂಡಿಗೆ 50 ಮೆಗಾಬಿಟ್ ದರದ ಎಕ್ಸ್‌ಡಿಕ್ಯಾಮ್ ಫಾರ್ಮ್ಯಾಟ್‌ನಲ್ಲಿ. ಗಂಟೆಗೆ 22 ಜಿಬಿ ಮೀರುತ್ತದೆ. ಇಡೀ ದಿನಕ್ಕೆ 540 ಜಿಬಿ. ಈಗಿರುವುದರ ಜೊತೆ ದಿನಾ ಇನ್ನೂ 540 ಜಿಬಿ ಎಲ್ಲಿಡೋದು? ಅವರ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಇಲ್ಲೊಂದು ತಮಾಷೆ ಇದೆ. ಪ್ರಸಾರವಾದದ್ದನ್ನು 90 ದಿನ ಕಾಪಾಡಿಡಬೇಕು ಅಂತ ಸರ್ಕಾರದ ಅಪ್‌ಲಿಂಕಿಂಗ್ (ಚಾನೆಲ್ ಸಿಗ್ನಲ್ ಉಪಗ್ರಹಕ್ಕೆ ಕಳಿಸುವ) ನಿಯಮ ಹೇಳುತ್ತದೆ. ಅದನ್ನು ಎಲ್ಲ ಚಾನೆಲ್‌ಗಳೂ ಪಾಲಿಸಬೇಕು. ಆದರೆ ಅದು ಲೋಗೊ, ಸ್ಕ್ರೋಲ್ ಎಲ್ಲ ಸೇರಿದ ಕಾಪಿ. ಮುಂದೆ ಕೆಲಸಕ್ಕೆ ಬರುವ ಕಾಪಿಯನ್ನು ಇಡಿ ಅಂತ ಯಾವ ನಿಯಮವೂ ಹೇಳಲ್ಲ. ಅದನ್ನು ನಾವೇ ಹಟ ಹಿಡಿದು ಕೇಳಬೇಕು. ಕೊನೆಗೆ ರಾಜಿ ಆಯ್ತು. ಸಂದರ್ಶನ, ಚರ್ಚೆ, ದೊಡ್ಡ ಪ್ರೆಸ್‌ಮೀಟ್ ಇವುಗಳಿಗೆ ಮಾತ್ರ ಕ್ಲೀನ್ ರೆಕಾರ್ಡಿಂಗ್. ಒಂದು ವಾರದಲ್ಲಿ ಯಾರೂ ಕೈಹಾಕದೇ ಇದ್ದರೆ ತಾನಾಗಿ ಡಿಲೀಟ್.

ಅಕ್ಷರದ ಕಥೆ ಇದಕ್ಕಿಂತ ದೊಡ್ಡದು. ಹಿಂದಿ, ಇಂಗ್ಲಿಷ್ ಚಾನೆಲ್‌ಗಳ ಅನುಭವ ಕೇಳಿಕೊಂಡು ಬಂದ ಸಲಹೆಗಾರರಿಗೆ ಇದು ಅರ್ಥ ಆಗಲು ಸ್ವಲ್ಪ ಸಮಯ ಹಿಡಿಯಿತು. ನಮ್ಮ ಗ್ರಾಫಿಕ್ಸ್ ಮೆಷಿನ್‌ಗಳಲ್ಲಿ ಬಹಳ ಕಾಲ ಓಡಿದ್ದು ಹಳೇ ಕಾಲದ ಫಾಂಟ್‌ಗಳು. ಹಳೇ ಸಾಫ್ಟ್‌ವೇರ್‌ಗೆ ಯೂನಿಕೋಡ್ (ಫೋನ್, ವೆಬ್ ಎಲ್ಲ ಕಡೆ ಒಂದೇ ಥರ ಓದಲು ಬರುವ ಅಕ್ಷರ ಪದ್ಧತಿ) ಕನ್ನಡದ ಒತ್ತಕ್ಷರ ಜೋಡಿಸಲು ಬರುತ್ತಿರಲಿಲ್ಲ. ಹಾಗಾಗಿ ನುಡಿ, ಶ್ರೀಲಿಪಿಯಂಥ ಹಳೇ ಎನ್‌ಕೋಡಿಂಗ್ ಫಾಂಟ್‌ಗಳೇ ಗತಿ. ಪರದೆ ಮೇಲೆ ಅಚ್ಚುಕಟ್ಟಾಗಿ ಕನ್ನಡ ಕಾಣುತ್ತದೆ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳು. ನುಡಿಯಲ್ಲಿ ಹೊಡೆದ ‘ಕನ್ನಡ’ ಅನ್ನೋ ಪದವನ್ನು ಕಾಪಿ ಮಾಡಿ ಯೂಟ್ಯೂಬ್ ಟೈಟಲ್‌ನಲ್ಲಿ ಪೇಸ್ಟ್ ಮಾಡಿ ನೋಡಿ. ನಡುವೆ ಬ್ರಿಟನ್ನಿನ ಪೌಂಡ್ ಗುರುತು ಬಂದು ಕೂರುತ್ತದೆ!

ಅಂದರೆ ಒಂದೇ ಹೆಡ್‌ಲೈನ್ ಅನ್ನು ಆಫೀಸಿನಲ್ಲಿ ಎಷ್ಟು ಜನ ಟೈಪ್ ಮಾಡುತ್ತಿದ್ದರು ನೋಡಿ. ವರದಿಗಾರ ವಾಟ್ಸಾಪ್‌ನಲ್ಲಿ ಯೂನಿಕೋಡ್‌ನಲ್ಲೇ ಕಳಿಸುತ್ತಿದ್ದ. ಕಾಪಿ ಎಡಿಟರ್ ಅದನ್ನು ನುಡಿಯಲ್ಲಿ ಬರೆಯುತ್ತಿದ್ದರು. ಗ್ರಾಫಿಕ್ಸ್‌ನವರು ಆಸ್ಟನ್‌ಗೆ ಮತ್ತೆ ಹೊಡೆಯುತ್ತಿದ್ದರು. ಸ್ಕ್ರೋಲ್‌ನವರು ಇನ್ನೊಮ್ಮೆ. ಕೊನೆಗೆ ಡಿಜಿಟಲ್ ಹುಡುಗ ಟಿವಿ ಪರದೆ ನೋಡಿಕೊಂಡು ಮತ್ತೆ ಯೂನಿಕೋಡ್‌ನಲ್ಲಿ! ಶುರುವಿನಲ್ಲಿ ಸರಿಯಾಗಿದ್ದ ಊರಿನ ಹೆಸರು ಕೊನೆಗೆ ಬರುವಷ್ಟರಲ್ಲಿ ಬೇರೆ ಊರು ಆಗಿರುತ್ತಿತ್ತು.

ಕನ್ವರ್ಟರ್ ಹಾಕಿದರೆ ಆಯ್ತಲ್ವಾ ಅಂತ ಕೇಳಬಹುದು. ಹಾಕಿದೆವು. ಹೆಚ್ಚು ಕೈಕೊಟ್ಟಿದ್ದು ಅರ್ಕಾವತ್ತಿನಲ್ಲಿ. ಹಳೇ ಫಾಂಟ್‌ಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಕೈಯಲ್ಲಿ ಬರೆಯುವ ಹಾಗೆಯೇ. ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಹಾಗಾಗಿ ಕನ್ವರ್ಟರ್ ಅಕ್ಷರಗಳ ಜಾಗ ಅದಲುಬದಲು ಮಾಡಬೇಕು. ‘ಕರ್ನಾಟಕ’ದಲ್ಲಿ ಸರಿಯಾಗಿ ಮಾಡುತ್ತದೆ, ಒತ್ತಕ್ಷರ ಜಾಸ್ತಿ ಇರುವ ಕಡೆ ಎಡವುತ್ತದೆ. ಇನ್ನು ‘ರ‍್ಯಾಲಿ’. ಚುನಾವಣೆ ಬಂತೆಂದರೆ ದಿನಕ್ಕೆ ನೂರು ಸಲ ಬರೆಯುವ ಪದ. ಯೂನಿಕೋಡ್‌ನಲ್ಲಿ ಅದು ಸರಿಯಾಗಿ ಕಾಣಬೇಕಾದರೆ ಒಳಗೆ ಕಣ್ಣಿಗೆ ಕಾಣದ ಒಂದು ಜೋಡಣೆ ಗುರುತು ಇರಬೇಕು. ಒಬ್ಬರು ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ಇಲ್ಲ. ಆರ್ಕೈವ್‌ನಲ್ಲಿ ಹುಡುಕಿದರೆ ಅರ್ಧ ರ‍್ಯಾಲಿಗಳು ಸಿಗುತ್ತವೆ, ಇನ್ನರ್ಧ ಇಲ್ಲವೇ ಇಲ್ಲ.

ಕೊನೆಗೆ ಉಳಿದ ದಾರಿ ಒಂದೇ. ಮೊದಲು ಟೈಪ್ ಮಾಡುವವರೇ ನ್ಯೂಸ್‌ರೂಮ್ ಸಿಸ್ಟಮ್‌ನಲ್ಲಿ ಯೂನಿಕೋಡ್‌ನಲ್ಲಿ ಬರೆಯುವುದು. ಅಲ್ಲಿಂದ ರನ್‌ಡೌನ್ (ಬುಲೆಟಿನ್‌ನ ಸುದ್ದಿಗಳ ಕ್ರಮಪಟ್ಟಿ), ಪ್ರಾಂಪ್ಟರ್ (ಆ್ಯಂಕರ್ ನೋಡಿ ಓದುವ ಪರದೆ), ಗ್ರಾಫಿಕ್ಸ್ ಟೆಂಪ್ಲೇಟ್, ವೆಬ್ ಎಲ್ಲವೂ ಅದೇ ಅಕ್ಷರ ಎತ್ತಿಕೊಳ್ಳುವುದು. ಈ ಸಿಸ್ಟಮ್‌ಗಳು ಪರಸ್ಪರ ಮಾತಾಡಲು ಎಂಒಎಸ್ ಅನ್ನೋ ಪ್ರೋಟೋಕಾಲ್ ಬಹಳ ವರ್ಷದಿಂದ ಇದೆ. ಟೆಂಪ್ಲೇಟ್ ಬದಲಿಸಿದ್ದು, ಹೊಸ ಫಾಂಟ್ ಹಾಕಿದ್ದು ಎಲ್ಲ ಸಲೀಸಾಗಿ ಆಯ್ತು. ಕಷ್ಟ ಆಗಿದ್ದು ಕೀಬೋರ್ಡ್. ಜೀವನಪೂರ್ತಿ ಒಂದು ಲೇಔಟ್‌ನಲ್ಲಿ ಹೊಡೆದ ಹಿರಿಯ ಕಾಪಿ ಎಡಿಟರ್‌ಗೆ, ಬ್ರೇಕಿಂಗ್ ಹೊತ್ತಿನಲ್ಲಿ, ಕೀ ಬದಲಾಯಿಸಿ ಅಂದರೆ ಹೇಗೆ? ಅದೇ ಕೀಲಿಮಣೆಯಲ್ಲಿ ಯೂನಿಕೋಡ್ ಬರುವ ವ್ಯವಸ್ಥೆ ಮಾಡಿಕೊಟ್ಟ ಮೇಲೆಯೇ ಜಗಳ ನಿಂತಿದ್ದು. ಹೊಸ ಸಿಸ್ಟಮ್ ತರುವವರು ಮೊದಲು ಇದನ್ನು ಕೇಳಬೇಕು ಅಂತ ನನ್ನ ಅಭಿಪ್ರಾಯ. ಸಾಮಾನ್ಯವಾಗಿ ಇದು ಕೊಟೇಶನ್ ಪಟ್ಟಿಯಲ್ಲೇ ಇರಲ್ಲ.

ಆರ್ಕೈವ್ ಅಂದೆನಲ್ಲ, ಅಲ್ಲಿ ಇನ್ನೊಂದು ಗಂಟು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಹೆಸರು ಇಂಗ್ಲಿಷ್‌ನಲ್ಲೂ ಕನ್ನಡದ ಹಾಗೇ ಆಯ್ತಲ್ವಾ. ನಮ್ಮ ಹಳೇ ಟೇಪ್‌ಗಳ ಲೇಬಲ್ ಎಲ್ಲ ಇಂಗ್ಲಿಷ್‌ನಲ್ಲಿ. ಅದಕ್ಕಿಂತ ಹಿಂದಿನದು ‘ಶಿಮೊಗ’, ‘ಗುಲ್ಬರ್ಗ’, ‘ಬಿಜಾಪುರ್’. ನಂತರದ್ದು ಶಿವಮೊಗ್ಗ, ಕಲಬುರಗಿ, ವಿಜಯಪುರ. ವಿಜಯಪುರ ಅಂತ ಹುಡುಕಿದರೆ ದೇವನಹಳ್ಳಿ ಪಕ್ಕದ ವಿಜಯಪುರವೂ ಬರುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದ ಮೇಲೆ ಹೊಸಪೇಟೆ, ಹಂಪಿಯ ಹಳೇ ದೃಶ್ಯಗಳು ಬಳ್ಳಾರಿ ಜಿಲ್ಲೆಯ ಹೆಸರಲ್ಲೇ ಉಳಿದುಕೊಂಡವು. ಗೋಲ್ ಗುಂಬಜ್‌ನ ಒಳ್ಳೆ ಹಳೇ ಶಾಟ್ ನಮ್ಮಲ್ಲೇ ಇದ್ದರೂ ಸಿಗದೆ, ಮತ್ತೆ ಕ್ಯಾಮೆರಾಮನ್ ಕಳಿಸಿದ್ದುಂಟು. ಈಗ ಊರಿಗೆ ಒಂದು ಪಟ್ಟಿ ಇದೆ. ಹಳೇ ಹೆಸರು, ಹೊಸ ಹೆಸರು, ತಾಲೂಕು, ಜಿಲ್ಲೆ ಎಲ್ಲ ಒಂದಕ್ಕೊಂದು ಕಟ್ಟಿಹಾಕಿದ್ದು. ವರದಿಗಾರ ಪಟ್ಟಿಯಿಂದಲೇ ಆರಿಸಬೇಕು, ಟೈಪ್ ಮಾಡುವಂತಿಲ್ಲ.

ಫೋನ್ ವಿಡಿಯೊ ಬಗ್ಗೆ ಚಿಕ್ಕದಾಗಿ ಹೇಳಿಬಿಡ್ತೀನಿ. ನಮ್ಮ ಟಿವಿ ಸೆಕೆಂಡಿಗೆ 25 ಫ್ರೇಮ್ ಲೆಕ್ಕದಲ್ಲಿ ಓಡುತ್ತದೆ. ಫೋನ್‌ಗಳು ಸಾಮಾನ್ಯವಾಗಿ 30, ಅದೂ ಬೆಳಕು ಕಡಿಮೆಯಾದರೆ ಏರುಪೇರು. ಉದ್ದದ ಬೈಟ್, ಅಂದರೆ ಯಾರಾದರೂ ಮಾತಾಡಿದ ತುಣುಕು, ನೇರವಾಗಿ ಟೈಮ್‌ಲೈನ್‌ಗೆ ಎಳೆದರೆ ಸ್ವಲ್ಪ ಹೊತ್ತಿಗೆ ತುಟಿ ಒಂದು ಕಡೆ, ಮಾತು ಒಂದು ಕಡೆ. ಇಂಜೆಸ್ಟ್‌ನಲ್ಲೇ, ಅಂದರೆ ವಿಡಿಯೊ ಸಿಸ್ಟಮ್‌ಗೆ ಸೇರುವ ಹಂತದಲ್ಲೇ, ಬದಲಾಯಿಸಿ ಒಳಗೆ ಬಿಡಬೇಕು. ಎಡಿಟರ್‌ನ ತಲೆಗೆ ಕಟ್ಟಬಾರದು.

ಸದ್ದಿನ ವಿಷಯಕ್ಕೆ ಬರ್ತೀನಿ, ಇಲ್ಲಿ ದುಡ್ಡು ಹೋಗುತ್ತಿತ್ತು. ನ್ಯೂಸ್ ಪ್ಯಾಕೇಜ್ (ಎಡಿಟ್ ಮಾಡಿ ಸಿದ್ಧಪಡಿಸಿದ ವರದಿ) ಅಂದರೆ ನಮ್ಮವರಿಗೆ ಹಿನ್ನೆಲೆಯಲ್ಲಿ ಸಂಗೀತ ಬೇಕೇ ಬೇಕು. ರೈತ ಅಂದರೆ ಒಂದು ಹಾಡು, ಅಮ್ಮ ಅಂದರೆ ಇನ್ನೊಂದು. ಟಿವಿಗೆ ಪಡೆದ ಲೈಸೆನ್ಸ್ ಯೂಟ್ಯೂಬ್‌ಗೆ ತಾನಾಗಿ ಅನ್ವಯ ಆಗಲ್ಲ. ಅಪ್‌ಲೋಡ್ ಆದ ತಕ್ಷಣ ಯೂಟ್ಯೂಬ್‌ನ ಕಾಪಿರೈಟ್ ಪತ್ತೆ ವ್ಯವಸ್ಥೆಯಾದ ಕಂಟೆಂಟ್ ಐಡಿ ಹಾಡು ಗುರುತಿಸುತ್ತದೆ. ಎಂಟು ನಿಮಿಷದ ವರದಿಯಲ್ಲಿ ಇಪ್ಪತ್ತು ಸೆಕೆಂಡ್ ಹಾಡು ಇದ್ದರೂ ಜಾಹೀರಾತಿನ ಹಣ ಹಾಡಿನ ಹಕ್ಕುದಾರರ ಕಡೆಗೆ ಹೋಗಬಹುದು. ಹಾಡು ತೆಗೆದು ಮತ್ತೆ ಹಾಕೋಣ ಅಂದರೆ ಹೇಗೆ? ನಿರೂಪಣೆ, ಬೈಟ್, ಸಂಗೀತ ಎಲ್ಲ ಸೇರಿಸಿ ಎರಡೇ ಟ್ರ್ಯಾಕ್‌ಗೆ ಇಳಿಸಿ ಕಳಿಸಿರುತ್ತಾರೆ. ಅದೇ ಎಕ್ಸ್‌ಡಿಕ್ಯಾಮ್ ಫೈಲ್‌ನಲ್ಲಿ ಎಂಟು ಆಡಿಯೊ ಚಾನೆಲ್‌ಗೆ ಜಾಗ ಇದೆ. ಎರಡು ತುಂಬಿಸಿ ಆರನ್ನು ಖಾಲಿ ಕಳಿಸುತ್ತಿದ್ದೆವು. ಈಗ ಮೊದಲ ಎರಡರಲ್ಲಿ ಟಿವಿಯ ಪೂರ್ತಿ ಮಿಕ್ಸ್. ಮುಂದಿನವುಗಳಲ್ಲಿ ನಿರೂಪಣೆ ಬೇರೆ, ಬೈಟ್ ಬೇರೆ, ಸಂಗೀತ ಬೇರೆ. ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಎಡಿಟರ್‌ಗಳ ಎಕ್ಸ್‌ಪೋರ್ಟ್ ಪ್ರಿಸೆಟ್ ಬದಲಾಯಿಸಿದ್ದು, ಅಷ್ಟೇ. ಧಾರಾವಾಹಿ, ಸಿನಿಮಾ ಡಬ್ಬಿಂಗ್ ಮಾಡುವವರಿಗೆ ಇದು ಹಳೇ ಪಾಠ. ಮಾತು ಬೇರೆ, ಉಳಿದ ಸದ್ದು ಬೇರೆ ಇಲ್ಲದಿದ್ದರೆ ಅವರು ಕೆಲಸ ಶುರು ಮಾಡುವುದೇ ಇಲ್ಲ. ನ್ಯೂಸ್‌ನವರಾದ ನಾವು ಅವಸರದಲ್ಲಿ ಕಲಿಯಲಿಲ್ಲ.

ಇದರ ಜೊತೆ ಒಂದು ಹಕ್ಕಿನ ಕಾಲಂ ಸೇರಿಸಿದೆವು. ಏಜೆನ್ಸಿ ದೃಶ್ಯ, ಕ್ರಿಕೆಟ್ ತುಣುಕು, ಸಿನಿಮಾ ಟ್ರೈಲರ್ ಯಾವುದೇ ಬರಲಿ, ‘ಟಿವಿಗೆ ಮಾತ್ರ’ ಅಥವಾ ‘ಎಲ್ಲ ಕಡೆ’ ಅಂತ ಒಳಗೆ ಬರುವಾಗಲೇ ಗುರುತು ಹಾಕಬೇಕು. ರಾತ್ರಿ ಪಾಳಿಯ ಹುಡುಗನಿಗೆ ಕಾಂಟ್ರ್ಯಾಕ್ಟ್ ಓದು ಅಂತ ಹೇಳೋಕಾಗುತ್ತಾ?

ಈ ಬದಲಾವಣೆಗಳಿಗೆ ಮೇಲಿನವರು ಕಿವಿಗೊಟ್ಟಿದ್ದಕ್ಕೆ ಒಂದು ಕಾರಣ ರೇಟಿಂಗ್ ನಿಂತಿದ್ದು. 2020ರ ಅಕ್ಟೋಬರ್‌ನಲ್ಲಿ ಟಿವಿ ವೀಕ್ಷಕರ ಲೆಕ್ಕ ಹಾಕುವ ಸಂಸ್ಥೆ ಬಾರ್ಕ್ ನ್ಯೂಸ್ ಚಾನೆಲ್‌ಗಳ ವಾರದ ರೇಟಿಂಗ್ ಕೊಡುವುದನ್ನು ನಿಲ್ಲಿಸಿತು. ಮತ್ತೆ ಶುರುವಾಗಿದ್ದು 2022ರ ಮಾರ್ಚ್‌ನಲ್ಲಿ. ರೇಟಿಂಗ್ ಬರುವ ಗುರುವಾರ ಬಂತೆಂದರೆ ಎದೆ ಹಿಡಿದು ಕೂರುತ್ತಿದ್ದ ಸಂಪಾದಕರಿಗೆ ನೋಡಲು ಬೇರೆ ಅಂಕಿಯೇ ಇರಲಿಲ್ಲ. ಯೂಟ್ಯೂಬ್ ಲೈವ್‌ನಲ್ಲಿ ಈಗ ಎಷ್ಟು ಜನ ಇದ್ದಾರೆ ಅನ್ನೋ ಸಂಖ್ಯೆ ಪಿಸಿಆರ್ ಗೋಡೆಗೆ ಬಂತು. ಡಿಜಿಟಲ್ ಡೆಸ್ಕ್‌ಗೆ ಮರ್ಯಾದೆ ಬಂದಿದ್ದೂ ಆಗಲೇ. ಅದರಿಂದ ಒಳ್ಳೆಯದೇ ಆಯ್ತು ಅಂತ ಪೂರ್ತಿ ಹೇಳಲಾರೆ. ವಾರಕ್ಕೊಮ್ಮೆ ಇದ್ದ ಆತಂಕ ನಿಮಿಷಕ್ಕೊಮ್ಮೆ ಆಯ್ತು. ಸಂಖ್ಯೆ ಇಳಿದರೆ ವಿಷಯ ಬದಲಾಯಿಸಿ ಅನ್ನೋ ಕೂಗು ಕೃಷಿ ಸುದ್ದಿಯನ್ನು ಎಷ್ಟು ಸಲ ನುಂಗಿದೆಯೋ. ಇನ್ನೊಂದು ಕಡೆ, ದುಬೈ, ಅಮೆರಿಕದಲ್ಲಿರುವ ಕನ್ನಡಿಗರು ಲೈವ್‌ನಲ್ಲಿ ಕೂರುತ್ತಾರೆ ಅಂತ ಚಾಟ್ ನೋಡಿಯೇ ನಮಗೆ ಗೊತ್ತಾಗಿದ್ದು. ನಮ್ಮ ಬೆಳಗಿನ ಬುಲೆಟಿನ್ ನ್ಯೂಜೆರ್ಸಿಯವರಿಗೆ ರಾತ್ರಿ ಊಟದ ಹೊತ್ತು. ಅವರು ‘ಶುಭೋದಯ’ಕ್ಕೆ ನಗುತ್ತಾರೆ.

ಈಗ ನಡೆಯುತ್ತಿರುವ ಕೆಲಸ ಸಬ್‌ಟೈಟಲ್. ಬಸ್ಸಿನಲ್ಲಿ, ಆಫೀಸಿನಲ್ಲಿ ಸದ್ದಿಲ್ಲದೆ ನೋಡುವವರು ಜಾಸ್ತಿ. ಪ್ಯಾಕೇಜ್‌ಗೆ ಸುಲಭ, ಯೂನಿಕೋಡ್ ಸ್ಕ್ರಿಪ್ಟ್ ಹೇಗೂ ಸಿಸ್ಟಮ್‌ನಲ್ಲಿ ಇದೆ. ಅದಕ್ಕೆ ಟೈಮ್ ಕೂರಿಸಿದರೆ ಮುಗಿಯಿತು. ಬೈಟ್‌ಗಳಲ್ಲಿ ಕಷ್ಟ. ಕಲಬುರಗಿ ಮಾತು, ಕುಂದಾಪುರದ ಮಾತು ಬಂದರೆ ತಾನಾಗಿ ಬರೆಯುವ ಸಾಫ್ಟ್‌ವೇರ್ ತೋಚಿದ್ದು ಬರೆಯುತ್ತದೆ, ಒಬ್ಬರು ಕೂತು ತಿದ್ದಲೇಬೇಕು. ಇನ್ನು ಸಂಜೆಯ ಚರ್ಚೆ. ಆರು ಜನ ಒಟ್ಟಿಗೆ ಕೂಗುತ್ತಾರೆ, ಏಳನೆಯವರು ಆ್ಯಂಕರ್. ಅದನ್ನು ಬಿಡಿಸಬೇಕಾದರೆ ಒಂದೊಂದು ಮೈಕ್‌ಗೂ ಬೇರೆ ಟ್ರ್ಯಾಕ್ ರೆಕಾರ್ಡ್ ಆಗಬೇಕು. ಆಡಿಯೊ ಮಿಕ್ಸ್ ಮಾಡುವ ಕನ್ಸೋಲ್‌ನಲ್ಲಿ ಆ ಔಟ್‌ಪುಟ್‌ಗಳೂ ಮೊದಲಿಂದ ಇವೆ. ಕೇಬಲ್ ಬಗ್ಗೆ ಇಂಜಿನಿಯರಿಂಗ್‌ನವರ ಜೊತೆ ಮತ್ತೆ ಮಾತು ಶುರುವಾಗಿದೆ. ಈ ಸಲ ಸ್ಟೋರೇಜ್ ಲೆಕ್ಕ ನಾವೇ ಹಾಕಿಕೊಂಡು ಹೋಗಿದ್ದೇವೆ.