ಒಂಬತ್ತನೇ ಪ್ರಶ್ನೆ

ಮಂಗಳವಾರ, 14 ಅಕ್ಟೋಬರ್ 2025

ನಮ್ಮ ಸಂಶೋಧನೆಗೆ ಶುಕ್ರವಾರ ಕ್ಲಿನಿಕ್‌ನಲ್ಲಿ ತುಂಬಿಸಿದ ಫಾರಂಗಳನ್ನು ಇವತ್ತು ಬೆಳಿಗ್ಗೆ ಕಂಪ್ಯೂಟರ್‌ಗೆ ಹಾಕುತ್ತಾ ಕೂತಿದ್ದೆ. ಒಟ್ಟು 43. ಒಂದೊಂದರಲ್ಲೂ ಒಂಬತ್ತು ಪ್ರಶ್ನೆ, ಒಂದೊಂದಕ್ಕೂ 0ಯಿಂದ 3ರವರೆಗಿನ ಒಂದು ಅಂಕಿ. ಸ್ವಲ್ಪ ಹೊತ್ತಾದ ಮೇಲೆ ಕೈ ತನ್ನಷ್ಟಕ್ಕೇ ಓಡುತ್ತೆ. ಒಂದು, ಸೊನ್ನೆ, ಎರಡು, ಎಂಟರ್. 31ನೇ ಫಾರಂನಲ್ಲಿ ಕೈ ನಿಂತಿತು.

ನೀಲಿ ಪೆನ್ನು. ಮೊದಲ ಎಂಟು ಪ್ರಶ್ನೆಗಳಿಗೆ ಗಟ್ಟಿಯಾಗಿ ಒತ್ತಿ ಟಿಕ್ ಹಾಕಿದ್ದಾರೆ. ಹಿಂದಿನಿಂದ ಸವರಿದರೆ ಬೆರಳಿಗೆ ಹತ್ತುವಷ್ಟು. ಒಂಬತ್ತನೆಯದರಲ್ಲಿ ಮೊದಲು 'ಇಲ್ಲವೇ ಇಲ್ಲ' ಅನ್ನುವಲ್ಲಿ ಟಿಕ್ ಹಾಕಿ, ಅದನ್ನು ಹೊಡೆದುಹಾಕಿ, ಪಕ್ಕದ 'ಕೆಲವು ದಿನ' ಅನ್ನುವಲ್ಲಿ ಸಣ್ಣದೊಂದು ಗುರುತು. ಚುಕ್ಕಿಗಿಂತ ತುಸು ದೊಡ್ಡದು, ಅಷ್ಟೇ.

ಇದು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಅನ್ನುವ ಪ್ರಶ್ನಾವಳಿ. ಕಳೆದ ಎರಡು ವಾರ ಹೇಗಿದ್ದಿರಿ ಅಂತ ಕೇಳುತ್ತೆ. ನಿದ್ದೆ, ಸುಸ್ತು, ಊಟ, ಬೇಸರ, ಹೀಗೆ. 2001ರಲ್ಲಿ ಕ್ರೋಂಕೆ, ಸ್ಪಿಟ್ಜರ್, ವಿಲಿಯಮ್ಸ್ ಅದರ ಅಧ್ಯಯನವನ್ನು ಪ್ರಕಟಿಸಿದ ಮೇಲೆ ಪ್ರಪಂಚದ ತುಂಬಾ ಬಳಕೆಗೆ ಬಂತು. ಒಟ್ಟು ಅಂಕ 27. ಸಾಮಾನ್ಯವಾಗಿ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆ ಇರಬಹುದು, ಕರೆದು ವಿಚಾರಿಸಬೇಕು ಅಂತ ಲೆಕ್ಕ. ಒಂಬತ್ತನೇ ಪ್ರಶ್ನೆ ಮಾತ್ರ ಬೇರೆ ತರಹದ್ದು. ಸತ್ತುಹೋದರೇ ಒಳ್ಳೆಯದು, ಅಥವಾ ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಅನ್ನುವ ಯೋಚನೆ ಬಂದಿದೆಯಾ ಅಂತ ಅದು ಕೇಳುತ್ತೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಬಹಳ ಜನ ಹೆದರುತ್ತಾರೆ. ಬರುವುದಿಲ್ಲ. ಎಷ್ಟೋ ಜನರಿಗೆ ಕೊನೆಗೂ ಒಬ್ಬರು ಕೇಳಿದರಲ್ಲ ಅಂತ ಎದೆ ಹಗುರಾಗುತ್ತೆ. ಆದರೆ ಕೇಳಿದ ಮೇಲೆ ಉತ್ತರ ಓದಬೇಕು, ಅಲ್ವಾ?

31ನೇ ಫಾರಂನ ಒಟ್ಟು ಅಂಕ 7. ನಮ್ಮ ಸಾಫ್ಟ್‌ವೇರ್ 10 ಮತ್ತು ಅದಕ್ಕಿಂತ ಹೆಚ್ಚು ಬಂದವರ ಹೆಸರನ್ನು ಮಾತ್ರ ಕೆಂಪಾಗಿ ತೋರಿಸುತ್ತೆ. ಆ ನಿಯಮ ಬರೆದದ್ದು ನಾನೇ, ಜೂನ್‌ನಲ್ಲಿ. ನಾನು ನೋಡದೆ ಎಂಟರ್ ಒತ್ತಿದ್ದರೆ ಈ ಫಾರಂ ಉಳಿದವುಗಳ ಜೊತೆ ಫೈಲಿಗೆ ಹೋಗಿಬಿಡುತ್ತಿತ್ತು.

ಫಾರಂ ಹಿಡಿದುಕೊಂಡು ನನ್ನ ಗೈಡ್ ಮೇಡಂ ರೂಮಿಗೆ ಓಡಿದೆ.

"ಯಾವತ್ತಿನದು?"

"ಶುಕ್ರವಾರದ್ದು ಮೇಡಂ."

ಅವರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಏನೂ ಅನ್ನಲಿಲ್ಲ. ಫೋನ್ ತೆಗೆದು ಕ್ಲಿನಿಕ್‌ನ ಸಿಸ್ಟರ್‌ಗೆ ಹಚ್ಚಿದರು.

ಸಿಸ್ಟರ್ ತಕ್ಷಣ ಆ ವ್ಯಕ್ತಿಗೆ ಫೋನ್ ಮಾಡಿದರು. ಮೊದಲ ಸಲ ಎತ್ತಲಿಲ್ಲ. ಎರಡನೇ ಸಲಕ್ಕೆ ಎತ್ತಿದರು. ನಲವತ್ತು ನಿಮಿಷ ಮಾತು. ಅಷ್ಟು ಹೊತ್ತೂ ನಾನು ಮೇಡಂ ಎದುರು ಸುಮ್ನೆ ಕೂತಿದ್ದೆ. ಅವರು ಏನೋ ಓದುತ್ತಿದ್ದರು, ಹಾಳೆ ಮಾತ್ರ ತಿರುಗಲಿಲ್ಲ. ಆಮೇಲೆ ಸಿಸ್ಟರ್ ವಾಪಸ್ ಫೋನ್ ಮಾಡಿ, ಸದ್ಯಕ್ಕೆ ಅಪಾಯ ಇಲ್ಲ, ಮನೆಯಲ್ಲಿ ಜೊತೆಗೆ ಜನ ಇದ್ದಾರೆ, ಡಾಕ್ಟರ್ ಸಂಜೆ ಮಾತಾಡುತ್ತಾರೆ ಅಂದರು. ಕೊನೆಗೆ ಒಂದು ಮಾತು ಸೇರಿಸಿದರು. "ಶುಕ್ರವಾರದಿಂದ ಯಾರಾದ್ರೂ ಫೋನ್ ಮಾಡ್ತಾರೆ ಅಂತ ಕಾಯ್ತಾ ಇದ್ರಂತೆ."

ಆ ವ್ಯಕ್ತಿಯ ಬಗ್ಗೆ ಇದಕ್ಕಿಂತ ಜಾಸ್ತಿ ಬರೆಯುವುದಿಲ್ಲ. ಗುರುತು ಸಿಗಬಾರದು ಅಂತ ಫಾರಂನ ಅಂಕಿಗಳನ್ನೂ ಬದಲಿಸಿದ್ದೇನೆ. ನಾನು ಬರೆಯಬೇಕಿರುವುದು ಆ ನಾಲ್ಕು ದಿನದ ಬಗ್ಗೆ.

ಸಂಶೋಧನೆಗೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಗೆ ಕೊಟ್ಟ ಅರ್ಜಿ ತೆಗೆದು ನೋಡಿದೆ. 'ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಯಾವ ಉತ್ತರ ಬಂದರೂ ಅದೇ ದಿನ ತರಬೇತಿ ಪಡೆದವರು ಮಾತಾಡುತ್ತಾರೆ' ಅಂತ ಸ್ಪಷ್ಟವಾಗಿದೆ. ಆದರೆ ಅದೇ ದಿನ ಆ ಕಾಗದವನ್ನು ನೋಡುವವರು ಯಾರು ಅಂತ ಎಲ್ಲೂ ಇಲ್ಲ. 38 ಪುಟದಲ್ಲಿ ಎಲ್ಲೂ ಇಲ್ಲ.

ಮಧ್ಯಾಹ್ನ ಹಳೆಯ ಫಾರಂಗಳನ್ನೆಲ್ಲ ತೆಗೆದು ಒಂಬತ್ತನೇ ಪ್ರಶ್ನೆ ಒಂದನ್ನೇ ನೋಡುತ್ತಾ ಹೋದೆವು. ಇನ್ನೂ ಇಬ್ಬರು ಸಿಕ್ಕರು. ಇಬ್ಬರದೂ ಒಟ್ಟು ಅಂಕ 10ಕ್ಕಿಂತ ಕಡಿಮೆ. ನನಗೆ ಕೈಕಾಲು ತಣ್ಣಗಾಯಿತು. ಸಿಸ್ಟರ್‌ಗೆ ಫೋನ್ ಮಾಡಿ ತಾರೀಖು ಹೇಳಿದೆ. "ಒಂದು ನಿಮಿಷ ಇರಿ" ಅಂದರು. ಪುಟ ತಿರುಗಿಸುವ ಸದ್ದು. "ಹೌದು, ಇಬ್ಬರ ಹತ್ರಾನೂ ಅವತ್ತೇ ಮಾತಾಡಿದೀನಿ. ಒಬ್ಬರನ್ನ ಡಾಕ್ಟರ್ ಹತ್ರ ಕಳಿಸಿದೆ. ಇನ್ನೊಬ್ಬರಿಗೆ ಆಮೇಲೆ ಎರಡು ಸಲ ಫೋನ್ ಮಾಡಿದೀನಿ."

ಸಿಸ್ಟರ್ ಹತ್ತಿರ ಒಂದು ನೋಟ್‌ಬುಕ್ ಇದೆಯಂತೆ. ಫಾರಂ ಕೈಗೆ ಬಂದ ಕೂಡಲೇ ಮೊದಲು ಕೊನೆಯ ಪ್ರಶ್ನೆ ನೋಡುತ್ತಾರಂತೆ. ಹಾಗೆ ಮಾಡಿ ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ಶುಕ್ರವಾರ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಅವರನ್ನು ಕಾರ್ಯಕ್ರಮಕ್ಕೆ ಕಳಿಸಿದ್ದೆವು. ಅವತ್ತು ಫಾರಂ ತೆಗೆದುಕೊಂಡ ಹುಡುಗ ಎಣಿಸಿ, ರಬ್ಬರ್ ಬ್ಯಾಂಡ್ ಹಾಕಿ ನನ್ನ ಟ್ರೇಗೆ ಇಟ್ಟ. ಅವನಿಗೆ ಹೇಳಿದ್ದು ಅಷ್ಟೇ ಕೆಲಸ, ಅದನ್ನು ಸರಿಯಾಗೇ ಮಾಡಿದ್ದಾನೆ.

ಡಾಕ್ಟರೇಟ್ ಆದ ಮೇಲೂ ಇನ್ನೇನು ಟ್ರೇನಿಂಗ್ ಅಂತ ಕೇಳುವವರಿಗೆ ಇಷ್ಟು ದಿನ ಉದ್ದ ಉತ್ತರ ಕೊಡುತ್ತಿದ್ದೆ. ಪಿಎಚ್‌ಡಿಯಲ್ಲಿ ನಾನು ನೋಡಿದ್ದು ಒಂದು ಚಿಕಿತ್ಸೆ ಕೆಲಸ ಮಾಡುತ್ತಾ ಇಲ್ಲವಾ ಅಂತ. ಇಲ್ಲಿ ಕಲಿಯುತ್ತಿರುವುದು, ಆ ಚಿಕಿತ್ಸೆ ಬೇಕಾದವರ ಕೈಗೆ ಹೇಗೆ ಸೇರುತ್ತೆ, ನಡುವೆ ಎಲ್ಲಿ ಬಿದ್ದುಹೋಗುತ್ತೆ ಅಂತ. ಸೇವೆಗಳ ಸಂಶೋಧನೆ ಅಂದರೆ ಅದೇ. ಅಂಕಿಅಂಶದ ಕ್ಲಾಸು, ಸಂಶೋಧನೆಗೆ ಹಣ ಕೇಳುವ ಅರ್ಜಿ ಬರೆಯುವ ಅಭ್ಯಾಸ, ವಾರಕ್ಕೊಂದು ಸೆಮಿನಾರ್ ಎಲ್ಲಾ ಇದೆ. ಅವೂ ಬೇಕು.

ಮೊದಲ ತಿಂಗಳಲ್ಲೇ ಮೇಡಂ ಓದಿಸಿದ್ದು ಇಂಪ್ಯಾಕ್ಟ್ ಅನ್ನುವ ಅಧ್ಯಯನ. ಅಮೆರಿಕದಲ್ಲಿ ನಡೆದದ್ದು, 2002ರಲ್ಲಿ ಪ್ರಕಟವಾಯಿತು. 60 ವರ್ಷ ತುಂಬಿದ, ಖಿನ್ನತೆ ಇರುವ 1,801 ಜನ. ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅವರ ಮಾಮೂಲಿ ಕ್ಲಿನಿಕ್‌ನಲ್ಲೇ ಒಬ್ಬ ಕೇರ್ ಮ್ಯಾನೇಜರ್. ಆ ಕೇರ್ ಮ್ಯಾನೇಜರ್ ಫೋನ್ ಮಾಡಿ ವಿಚಾರಿಸುತ್ತಾರೆ, ಪಟ್ಟಿ ಇಟ್ಟುಕೊಳ್ಳುತ್ತಾರೆ, ಸುಧಾರಿಸದವರ ಬಗ್ಗೆ ಮನೋವೈದ್ಯರ ಜೊತೆ ಕೂತು ಮಾತಾಡುತ್ತಾರೆ. ವರ್ಷ ಕಳೆದಾಗ, ತೊಂದರೆ ಅರ್ಧಕ್ಕರ್ಧ ಇಳಿದವರು ಎಂದಿನ ಚಿಕಿತ್ಸೆಯಲ್ಲಿ 100ಕ್ಕೆ 19, ಈ ಕಡೆ 45. ಹೊಸ ಮಾತ್ರೆ ಯಾವುದೂ ಇರಲಿಲ್ಲ. ನಾನು ಅದನ್ನು ಓದಿದೆ, ಪರೀಕ್ಷೆಗೆ ಬರೆದೆ, ಸೆಮಿನಾರ್‌ನಲ್ಲಿ ಚೆನ್ನಾಗಿ ಹೇಳಿದೆ. ನಮ್ಮದೇ ಕ್ಲಿನಿಕ್‌ನಲ್ಲಿ ಆ ಕೆಲಸವನ್ನು ಒಬ್ಬರು ನೋಟ್‌ಬುಕ್ ಇಟ್ಟುಕೊಂಡು ಮಾಡುತ್ತಿದ್ದಾರೆ ಅಂತ ಇವತ್ತಿನವರೆಗೆ ಗೊತ್ತಿರಲಿಲ್ಲ. ಹದಿನಾಲ್ಕು ತಿಂಗಳಿಂದ ಅಲ್ಲಿಗೆ ಹೋಗಿಬರುತ್ತಿದ್ದೇನೆ. ಒಂದು ದಿನವೂ ಅವರ ಪಕ್ಕ ಕೂತು ನೋಡಿಲ್ಲ. ಇದು ನನಗೆ ತುಂಬಾ ನೋವು ಕೊಟ್ಟಿದೆ.

ಸಂಜೆ ಮೇಡಂ ಬೋರ್ಡ್ ಮೇಲೆ ಫಾರಂ ನಡೆಯುವ ದಾರಿ ಬರೆಯಲು ಹೇಳಿದರು. ಕೌಂಟರ್, ಕಾಯುವ ಕುರ್ಚಿ, ಡಬ್ಬಿ, ರಬ್ಬರ್ ಬ್ಯಾಂಡ್, ಟ್ರೇ, ಕಂಪ್ಯೂಟರ್. "ಒಂದೊಂದರ ಕೆಳಗೂ ಅದನ್ನು ಓದುವವರ ಹೆಸರು ಬರಿ" ಅಂದರು. ಡಬ್ಬಿಯ ಕೆಳಗೆ ಸಿಸ್ಟರ್ ಹೆಸರು ಬರೆದೆ. ಕಂಪ್ಯೂಟರ್ ಕೆಳಗೆ ನನ್ನದು. ಬೇರೆಲ್ಲೂ ಬರೆಯಲು ಹೆಸರಿರಲಿಲ್ಲ. "ಸಿಸ್ಟರ್ ರಜೆ ಹಾಕಿದ್ರೆ?" ಅಂತ ಕೇಳಿದರು. ಅವರು ಗದರಲಿಲ್ಲ. ಗದರಿದ್ದರೆ ಸುಲಭವಾಗುತ್ತಿತ್ತೇನೋ.

ನಾಳೆಯಿಂದ ಫಾರಂ ಡಬ್ಬಿಗೆ ಹೋಗುವುದಿಲ್ಲ, ಕೈಗೆ ಹೋಗುತ್ತೆ. ತುಂಬಿದವರು ಎದ್ದು ಹೋಗುವ ಮುಂಚೆ ಕೊನೆಯ ಪ್ರಶ್ನೆಯನ್ನು ಒಬ್ಬರು ಓದಿ ಸಹಿ ಹಾಕಬೇಕು. ದಿನಕ್ಕೆ ಇಬ್ಬರ ಹೆಸರು ಪಟ್ಟಿಯಲ್ಲಿರುತ್ತೆ. ಸಾಫ್ಟ್‌ವೇರ್‌ನ ನಿಯಮವನ್ನು ಆಗಲೇ ಬದಲಿಸಿದೆ, ನಾಲ್ಕು ಸಾಲಿನ ಕೆಲಸ. ಎಥಿಕ್ಸ್ ಕಮಿಟಿಗೆ ನಾಲ್ಕು ದಿನ ತಡವಾದದ್ದನ್ನು ಇದ್ದ ಹಾಗೇ ಬರೆದು ಕೊಡಬೇಕು. ಅರ್ಧ ಬರೆದಿದ್ದೇನೆ.

ಈಗ ರಾತ್ರಿ ಒಂಬತ್ತೂ ಕಾಲು. ಸಿಸ್ಟರ್ ಮೆಸೇಜ್ ಬಂತು. ಡಾಕ್ಟರ್ ಮಾತಾಡಿದ್ದಾರೆ. ಆ ವ್ಯಕ್ತಿ ಗುರುವಾರ ಹತ್ತೂವರೆಗೆ ಕ್ಲಿನಿಕ್‌ಗೆ ಬರಲು ಒಪ್ಪಿದ್ದಾರಂತೆ. ನೀವೂ ಬನ್ನಿ, ಪುಸ್ತಕ ತೋರಿಸ್ತೀನಿ ಅಂತ ಬರೆದಿದ್ದಾರೆ. ಎಂಟು ಗಂಟೆಗೇ ಬರ್ತೀನಿ ಅಂದೆ.